ಅಪ್‌ಡೇಟ್: ದೇಶಕ್ಕೊಂದು ಪುಸ್ತಕ, ಸಿಗದಿದ್ದ ದೇಶಗಳು ಸಿಕ್ಕಿದ್ದು ಹೀಗೆ

ಜಗತ್ತಿನ ದೇಶಕ್ಕೊಂದರಂತೆ ಪುಸ್ತಕ ಓದಲು ಹೊರಟರೆ ಸಣ್ಣ ದೇಶಗಳ ಪುಸ್ತಕಗಳ ಇಂಗ್ಲಿಷ್ ಅನುವಾದ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನಿಜಕ್ಕೂ ಫಲ ಕೊಟ್ಟಿದ್ದು ‘ದೇಶ ಬಿಟ್ಟು ಭಾಷೆ ಹಿಡಿದು ಹುಡುಕಿ’ ಎಂಬ ಸಲಹೆ. ದೇಶದ ಹೆಸರು ಹಾಕಿದರೆ ಹೊರಗಿನವರ ಪ್ರವಾಸಕಥನಗಳೇ ಮೊದಲು ಬರುತ್ತವೆ. ‘ಪೋರ್ಚುಗೀಸಿನಿಂದ ಅನುವಾದ’ ಎಂದು ಹುಡುಕಿದರೆ ಅಂಗೋಲಾ, ಮೊಜಾಂಬಿಕ್, ಕೇಪ್ ವರ್ಡ್ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಈಕ್ವಟೋರಿಯಲ್ ಗಿನಿಗೆ ಸ್ಪ್ಯಾನಿಶ್ ಹಿಡಿಯಬೇಕು. ಕಾದಂಬರಿಯೇ ಆಗಬೇಕೆಂಬ ಹಟವನ್ನೂ ಬಿಟ್ಟೆ. ‘ವರ್ಡ್ಸ್ ವಿದೌಟ್ ಬಾರ್ಡರ್ಸ್’ ಆನ್‌ಲೈನ್ ಪತ್ರಿಕೆಯಲ್ಲಿ ಹಲವು ದೇಶಗಳ ಕಥೆ, ಕವಿತೆ ಉಚಿತವಾಗಿವೆ.

ದೇಶಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಓದುವುದು ಮಾತ್ರ ಕೈಕೊಟ್ಟಿತು. ಯುರೋಪಿನ ಪುಟ್ಟ ದೇಶ ಅಂಡೋರಾದಂಥ ಕಡೆ ಪುಸ್ತಕ ಸಿಗದೆ ಇಡೀ ಓದೇ ನಿಲ್ಲುತ್ತದೆ. ಸಿಕ್ಕಿದ್ದನ್ನು ಮೊದಲು ಓದಿ. ಪಟ್ಟಿಗೆ ವಿಶ್ವಸಂಸ್ಥೆಯ 193 ಸದಸ್ಯರು, ಜೊತೆಗೆ ವ್ಯಾಟಿಕನ್, ಪ್ಯಾಲೆಸ್ಟೀನ್: ಒಟ್ಟು 195 ಸಾಕು.

ಮನಸ್ಸು ಕಲಕಿದ ಸಂಗತಿ: ಮಡಗಾಸ್ಕರ್‌ನ ಕಾದಂಬರಿಯೊಂದು ಮೊದಲ ಬಾರಿ ಇಂಗ್ಲಿಷಿಗೆ ಬಂದದ್ದು 2017ರಲ್ಲಿ! 2012ರಲ್ಲಿ ಈ ಸವಾಲು ಮುಗಿಸಿದ ಬ್ರಿಟಿಷ್ ಲೇಖಕಿ ಆ್ಯನ್ ಮಾರ್ಗನ್‌ಗಾಗಿ ಆಫ್ರಿಕಾದ ದ್ವೀಪರಾಷ್ಟ್ರ ಸಾವೊ ಟೋಮೆಯ ಪುಸ್ತಕವನ್ನು ಸ್ವಯಂಸೇವಕರೇ ಕೂತು ಅನುವಾದಿಸಿಕೊಟ್ಟಿದ್ದರಂತೆ.