ಪದ ಬೇಕು: ಬೋರ್ಡಿನ ಮೇಲೆ ‘ಪ್ರೊಪ್ರೈಟರ್’ ಬದಲು ಏನು ಬರೆಸಲಿ?

ಹುಬ್ಬಳ್ಳಿಯಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾರುವ ಸಣ್ಣ ಅಂಗಡಿ ಹಾಕುತ್ತಿದ್ದೇನೆ. ಪಾಲುದಾರರು ಯಾರೂ ಇಲ್ಲ, ನಾನೊಬ್ಬಳೇ. 2024ರ ತಿದ್ದುಪಡಿ ಬಂದಮೇಲೆ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ನನಗಂತೂ ಪೂರ್ತಿ ಕನ್ನಡವೇ ಬೇಕು. ಪೇಂಟರ್ ತಂದ ನಮೂನೆಯಲ್ಲಿ ನನ್ನ ಹೆಸರಿನ ಹಿಂದೆ ‘ಪ್ರೊ.’ ಅಂತಿದೆ. ನಮ್ಮತ್ತೆ ಅದನ್ನು ಪ್ರೊಫೆಸರ್ ಅಂತ ಓದಿದರು. ‘ಮಾಲಕರು’ ಅಂದರೆ ಗಂಡಸು ಅನ್ನಿಸುತ್ತದೆ. ‘ಏಕಸ್ವಾಮ್ಯ’ ಅಂತ ಏನಾದರೂ ಮಾಡಬಹುದಾ?

ಧಾರವಾಡದಿಂದ:
ಏಕಸ್ವಾಮ್ಯ ಅಂದರೆ ಮೊನಾಪಲಿ. ಅದು ಬೇಡ. ಮಾಲಕನೂ ಬೇಡ, ಪಾರ್ಸಿ ಮೂಲಕ ಬಂದ ಅರಬಿ ಪದ. ‘ಮಾಲು ಇದ್ದವನೇ ಮಾಲಕ’ ಅಂತ ಹೇಳಲು ಯಾರಾದರೂ ಬಂದೇ ಬರುತ್ತಾರೆ, ಅದೂ ತಪ್ಪು. ಅರಬಿಯಲ್ಲಿ ಮಾಲ್ ಮತ್ತು ಮಾಲಿಕ್ ಎರಡರ ಧಾತು ಬೇರೆ ಬೇರೆ. ಯಜಮಾನ ಅಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು, ರೊಟ್ಟಿ ಅಂಗಡಿಗೆ ಅವನು ಯಾಕೆ? ಅಚ್ಚಗನ್ನಡದಲ್ಲಿ ‘ಒಡೆಯ’ ಇದೆ, ಹೆಣ್ಣಿಗೆ ‘ಒಡತಿ’. ಒಡವೆ, ಒಡೆತನ ಎಲ್ಲ ಅದೇ ಬೇರಿನವು, ತಮಿಳಿನ ‘ಉಡೈಮೈ’ ಕೂಡ. ಒಡವೆ ಅಂದರೆ ಬರೀ ಬಂಗಾರವಲ್ಲ, ತನ್ನದು ಅಂತ ಇರುವುದೆಲ್ಲ ಒಡವೆಯೇ. ಮನೆಯಲ್ಲೇ ಇಷ್ಟು ಒಳ್ಳೆಯ ಪದ ಇಟ್ಟುಕೊಂಡು ಸಾಲ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಗದಗದಿಂದ:
ಸರ್, ನಮ್ಮ ಪೇಟೆಯಲ್ಲಿ ‘ಮಾಲಕರು ಅದಾರೇನ್ರಿ’ ಅಂತಲೇ ಕೇಳುತ್ತಾರೆ. ‘ಒಡೆಯರು ಅದಾರೇನ್ರಿ’ ಅಂತ ಯಾರೂ ಕೇಳಿದ್ದಿಲ್ಲ. ಅರಬಿ, ಪಾರ್ಸಿ ಬೇಡ ಅಂದಮೇಲೆ ಬಾಕಿ, ಜಮಾ, ಖರ್ಚು, ವಸೂಲಿ, ನಗದು, ರಸೀದಿ ಇವನ್ನೂ ಬಿಡಬೇಕಲ್ವಾ? ಇವಿಲ್ಲದೆ ಒಂದು ದಿನ ಗಲ್ಲೆ ಮೇಲೆ ಕೂತು ಲೆಕ್ಕ ಬರೆಯಿರಿ, ಆಮೇಲೆ ಮಾತಾಡೋಣ. ತಂಗಿ, ‘ಮಾಲಕಿ’ ಅಂತ ಬರೆಸವ್ವಾ. ಎಲ್ಲರಿಗೂ ತಿಳಿಯುತ್ತದೆ.

ಧಾರವಾಡದಿಂದ:
ರೂಢಿಯಲ್ಲಿ ಇದ್ದದ್ದೆಲ್ಲ ಸರಿ ಅನ್ನುವುದಾದರೆ ಪದ ಕೇಳುವುದೇ ಬೇಡ. ಬೋರ್ಡಿನ ಮೇಲೆ ಒಮ್ಮೆ ಬಂದರೆ ‘ಒಡತಿ’ಯೂ ರೂಢಿಗೆ ಬರುತ್ತದೆ.

ಹುಬ್ಬಳ್ಳಿಯಿಂದ:
ಅಣ್ಣಾ, ಸರ್, ಇಬ್ಬರಿಗೂ ಧನ್ಯವಾದ. ‘ಒಡತಿ’ ಅಂತಲೇ ಬರೆಸುತ್ತೇನೆ. ಈ ವ್ಯವಹಾರದಲ್ಲಿ ಅಂಗಡಿ ಬೇರೆ, ನಾನು ಬೇರೆ ಅಂತ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ಯಾನ್ ಕಾರ್ಡ್ ನನ್ನದೇ, ಅಂಗಡಿ ಸಾಲ ಮಾಡಿದರೆ ತೀರಿಸುವವಳೂ ನಾನೇ. ಹಾಗಾಗಿ ತನ್ನದು ಅನ್ನುವ ಅರ್ಥದ ಪದವೇ ನನಗೆ ಹಿಡಿಸಿತು. ಮೂರೇ ಅಕ್ಷರ, ಹೆಸರಿನ ಹಿಂದೆ ಚೆನ್ನಾಗಿ ಕೂಡುತ್ತದೆ. ರಬ್ಬರ್ ಸ್ಟ್ಯಾಂಪಿನಲ್ಲಿ ಮಾತ್ರ ‘ಪ್ರೊಪ್ರೈಟರ್’ ಅಂತಲೇ ಇರಲಿ, ಬ್ಯಾಂಕಿನವರು ಅದನ್ನೇ ಕೇಳಿದ್ದಾರೆ.