‘ತೊಂಡೆಹಣ್ಣಿನಂಥ ತುಟಿ’ ಎಂದರೆ ಯಾವ ಬಣ್ಣ?

ಮಾನ್ಯರೇ,

ಬಣ್ಣವನ್ನು ಹೇಳಲು ಬಳಸುವ ಉಪಮೆಯಲ್ಲಿ ಬಣ್ಣದ ಹೆಸರನ್ನೇ ಬಿಟ್ಟರೆ ಅರ್ಥ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದು ನನ್ನ ಪ್ರಶ್ನೆ. ‘ಕಣ್ಣು ಕೆಂಡದಂತೆ ಕೆಂಪಾಗಿತ್ತು’ ಎಂಬಲ್ಲಿ ಉಪಮೇಯ (ಕಣ್ಣು), ಉಪಮಾನ (ಕೆಂಡ), ಉಪಮಾವಾಚಕ (ಅಂತೆ), ಸಮಾನಧರ್ಮ (ಕೆಂಪು) ನಾಲ್ಕೂ ಇರುವುದರಿಂದ ಅದು ಪೂರ್ಣೋಪಮೆ, ತೊಡಕೇನೂ ಇಲ್ಲ. ‘ತೊಂಡೆಹಣ್ಣಿನಂಥ ತುಟಿ’ ಎಂಬ ಲುಪ್ತೋಪಮೆಯಲ್ಲಿ ಕೆಂಪು ಎಂಬ ಸಮಾನಧರ್ಮ ಬಿಟ್ಟುಹೋಗಿದೆ. ಬೇಲಿಯ ಮೇಲೆ ಹಬ್ಬಿದ ಬಳ್ಳಿಯಲ್ಲಿ ಮಾಗಿ ಕೆಂಪಡರಿದ ಹಣ್ಣನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಂತೆಯಿಂದ ಪಲ್ಯಕ್ಕೆ ತರುವ ಹಸಿರು ತೊಂಡೆಕಾಯಿಯನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಇಲ್ಲಿ ಹೊಳೆಯುವುದು ಆಕಾರವೇ ಹೊರತು ಬಣ್ಣವಲ್ಲ.

ಸೀರೆಗಳ ವಿಷಯದಲ್ಲಿ ಬಳಕೆ ಬೇರೆಯೇ ಆಗಿದೆ. ‘ಈರುಳ್ಳಿ ಬಣ್ಣದ ಸೀರೆ’ ಎನ್ನುತ್ತೇವೆ, ‘ಈರುಳ್ಳಿಯಂಥ ಸೀರೆ’ ಎಂದು ಯಾರೂ ಹೇಳುವುದಿಲ್ಲ. ದಾಳಿಂಬೆ ಕೆಂಪು, ಗಿಳಿಹಸಿರು, ಪಾಚಿಹಸಿರು ಇವುಗಳಲ್ಲಿ ಹೋಲಿಕೆ ಸಮಾಸದೊಳಗೆ ಅಡಗಿ, ಛಾಯೆಯ ಹೆಸರಾಗಿಯೇ ನಿಂತುಬಿಟ್ಟಿದೆ. ಇವುಗಳಲ್ಲಿ ನನಗೆ ಬಹಳ ಮೆಚ್ಚಿನದು ‘ನವಿಲುಗತ್ತಿನ ಬಣ್ಣ’. ಉದ್ದದ ಎಳೆಯಾದ ಹಾಸಿಗೊಂದು, ಅಡ್ಡ ಎಳೆಯಾದ ಹೊಕ್ಕಿಗೊಂದು ಬಣ್ಣವಿಟ್ಟು ನೇಯ್ದ ರೇಷ್ಮೆ, ನೆರಿಗೆ ಕದಲಿದಂತೆ ಒಮ್ಮೆ ಹಸಿರಾಗಿ ಒಮ್ಮೆ ನೀಲಿಯಾಗಿ ತೋರುವುದನ್ನು ಹಸಿರು ಎಂದಾಗಲಿ ನೀಲಿ ಎಂದಾಗಲಿ ಹೇಳಿದರೆ ಸಾಲದು. ಅಲ್ಲಿ ಹೋಲಿಕೆ ಅಲಂಕಾರವಾಗಿ ಬಂದುದಲ್ಲ, ಅದಿಲ್ಲದೆ ಆ ಬಣ್ಣವನ್ನು ಹೇಳುವ ದಾರಿಯೇ ಇಲ್ಲ.

ಬಣ್ಣದ ಜೊತೆಗೆ ಬೆಲೆಯನ್ನೂ ಉಪಮಾನವೇ ಕಟ್ಟುತ್ತದೆ. ಕೃಷ್ಣನನ್ನು ಮೇಘಶ್ಯಾಮನೆಂದರೆ ಸ್ತುತಿ, ಅದೇ ಮೈಬಣ್ಣದ ಮಗುವನ್ನು ಕಾಗೆಯಂತೆ ಕಪ್ಪು ಎಂದರೆ ನಿಂದೆ. ಬರೆಯುವವರು ಇದನ್ನು ಮರೆಯಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮಕ್ಕಳ ಪಾಠದಲ್ಲಿ ‘ತೊಂಡೆಹಣ್ಣಿನಂತೆ ಕೆಂಪಾದ ತುಟಿ’ ಎಂದು ಬಿಡಿಸಿ ಬರೆಯುವುದೇ ಸರಿ, ಕವಿತೆಯಲ್ಲಿ ಹಾಗೆ ಬಿಡಿಸಿದರೆ ಬಿಗಿ ಸಡಿಲವಾಗುತ್ತದೆ ಎಂದು ನನಗೆ ತೋರುತ್ತದೆ. ತಾವು ಏನೆನ್ನುವಿರಿ? ಜೊತೆಗೆ ಇನ್ನೊಂದು ಸಂದೇಹ: ಗುಲಗಂಜಿಯ ಕೆಂಪು ಎದ್ದುಕಾಣುವಂಥದು, ಆದರೆ ಚಿನ್ನ ತೂಗುವ ಬಳಕೆಯಿಂದಾಗಿ ‘ಗುಲಗಂಜಿಯಷ್ಟು’ ಎಂದರೆ ಅತ್ಯಲ್ಪ ಎಂಬ ಅರ್ಥವೂ ಬೇರೂರಿದೆ. ಬಣ್ಣದ ಹೆಸರನ್ನು ಸೇರಿಸದೆ ‘ಗುಲಗಂಜಿಯಂಥ’ ಎಂದಷ್ಟೇ ಹೇಳಿದರೆ ತಮ್ಮ ಕಡೆಯ ಮಾತಿನಲ್ಲಿ ಮೊದಲು ಹೊಳೆಯುವುದು ಕೆಂಪೋ, ಕಿರಿದೋ?