ಮುಳುಗಡೆಯ ನೆನಪನ್ನು ನಾಟಕವಾಗಿಸುವಾಗ ಹೆಸರು ಹೇಳಬೇಕೆ?

ಪ್ರಶ್ನೆ (ಕೊಪ್ಪಳ)

ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದ ಹಿರಿಯರನ್ನು ನಮ್ಮ ಹವ್ಯಾಸಿ ತಂಡವು ಕಳೆದ ಬೇಸಿಗೆಯಿಂದ ಮಾತನಾಡಿಸುತ್ತಿದೆ. ಆ ಮಾತುಗಳಿಂದಲೇ ನಾಟಕವೊಂದನ್ನು ಕಟ್ಟುವ ಆಸೆ ನಮ್ಮದು. ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಹಾಗಾಗಿ ಈಗ ಹೇಳುತ್ತಿರುವವರೆಲ್ಲ ಆಗ ಮಕ್ಕಳು. ಊರು ಬಿಡುವ ದಿನ ತಮ್ಮ ತಾಯಿ ಬರಿದಾದ ಮನೆಯನ್ನು ಸಾರಿಸಿ, ರಂಗೋಲಿ ಹಾಕಿ, ಆಮೇಲೆ ಬಂಡಿ ಹತ್ತಿದ್ದನ್ನು ಹೇಳುತ್ತಿದ್ದ ಅಜ್ಜಿಯೊಬ್ಬರು ನಡುವೆ ಮಾತು ನಿಲ್ಲಿಸಿ, ಎದುರಿಗಿದ್ದ ನೆಲವನ್ನೇ ಅಂಗೈಯಿಂದ ಸಾರಿಸಿ ತೋರಿಸಿದರು. "ಹೊಸ್ತಿಲಾ ಕಿತ್ಗೊಂಡು ಬಂದ್ವಿ ಯಪ್ಪಾ, ದ್ಯಾವ್ರು ಮಾತ್ರ ಅಲ್ಲೇ ಉಳದ" ಎಂದರು.

ಪರಿಹಾರದ ಪಟ್ಟಿ ಬರೆಯುವಾಗ ಕೇರಿಯ ಕೂಲಿಯವರ ಹೆಸರುಗಳನ್ನು ಅದರಿಂದ ಬಿಡಿಸಿದ ಸಾಹುಕಾರರ ಹೆಸರನ್ನೂ ಅದೇ ಅಜ್ಜಿ ಹೇಳಿದ್ದಾರೆ. ಆ ಸಾಹುಕಾರರ ಮೊಮ್ಮಗ ನಮ್ಮ ತಂಡದಲ್ಲಿಯೇ ಇದ್ದಾನೆ. ಹೆಸರನ್ನು ಇಡಬೇಕೋ ಬಿಡಬೇಕೋ ತಿಳಿಯದಾಗಿದೆ.

ಉತ್ತರ 1 (ಬಳ್ಳಾರಿ)

ಸಾಹುಕಾರರ ಹೆಸರಿಗಿಂತ ಮೊದಲು ಅಜ್ಜಿಯ ಗುರುತನ್ನು ಕುರಿತು ಯೋಚಿಸಿರಿ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯ್ದೆಯನ್ನು ತಿಳಿಸಲೆಂದು ನಾವು ಊರೂರಿಗೆ ಬೀದಿ ನಾಟಕ ಒಯ್ಯುತ್ತಿದ್ದಾಗ, ತಾಯಿಯೊಬ್ಬರು ಹೇಳಿದ್ದನ್ನು ಅವರ ಮಾತಿನ ಧಾಟಿಯಲ್ಲಿಯೇ ಆಡಿದೆವು. ಹೆಸರನ್ನೇನೋ ಬದಲಿಸಿದ್ದೆವು, ಆದರೆ ಅವರು ಮಾತಿಗೊಮ್ಮೆ ಬಳಸುತ್ತಿದ್ದ ಒಂದು ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೆವು. ಆ ಪದ ಬಂದೊಡನೆ ಜನರೆಲ್ಲ ಅವರ ಕಡೆಗೆ ತಿರುಗಿದರು. ಅಂದಿನಿಂದ ಅವರು ಹಗಲು ಹೊತ್ತು ನಲ್ಲಿಗೆ ಬರುವುದನ್ನೇ ಬಿಟ್ಟರೆಂದು ನಮಗೆ ಗೊತ್ತಾದದ್ದು ತಿಂಗಳಾದ ಮೇಲೆ. ಚಪ್ಪಾಳೆ ಮಾತ್ರ ಜೋರಾಗಿಯೇ ಬಿದ್ದಿತ್ತು.

ನಮ್ಮ ಜಿಲ್ಲೆಯ ಬುರ್ರಕಥೆ ಕಲಾವಿದೆ ದರೋಜಿ ಈರಮ್ಮನವರು ಓದು ಬರಹವಿಲ್ಲದೆ ಹಲವು ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದವರು. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ತಡೆಯಬೇಕು ಎಂಬುದು ಅವರ ಕೈಯಲ್ಲಿಯೇ ಇತ್ತು. ನಿಮ್ಮ ಅಜ್ಜಿಗೂ ಆ ಅಧಿಕಾರ ಇರಬೇಕು. ಮೊದಲ ಆಟವನ್ನು ಅವರ ಅಂಗಳದಲ್ಲಿ ಆಡಿರಿ, ಬೇಡವೆಂದದ್ದನ್ನು ತೆಗೆದುಬಿಡಿರಿ.

ಉತ್ತರ 2 (ರಾಯಚೂರು)

ನಾನು ಇತಿಹಾಸದ ಮೇಷ್ಟ್ರು. ಒಂದು ಸಣ್ಣ ಎಚ್ಚರಿಕೆ ಹೇಳುತ್ತೇನೆ. 1945ರಲ್ಲಿ ಕೆಲಸ ಆರಂಭವಾದಾಗ ಹೊಳೆಯ ಆಚೆ ಮದ್ರಾಸ್ ಸರ್ಕಾರ, ನಮ್ಮ ಈಚೆ ನಿಜಾಮರ ಹೈದರಾಬಾದ್ ಸಂಸ್ಥಾನ. ಈ ಕಡೆಯ ದಫ್ತರವೆಲ್ಲ ಉರ್ದುವಿನಲ್ಲಿತ್ತು. ಹೆಬ್ಬೆಟ್ಟು ಒತ್ತಿದವರಿಗೆ ತಾವು ಒತ್ತಿದ ಕಾಗದವನ್ನು ಓದಲು ಬರುತ್ತಿರಲಿಲ್ಲ. ಬಾಯಿಮಾತಿನ ನೆನಪಿಗೆ ಇಷ್ಟು ಬೆಲೆ ಇರುವುದು ಅದಕ್ಕಾಗಿಯೇ. ಆದರೆ ನಿಜಾಮರ ಪರವಾಗಿ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ, ಮುಳುಗಡೆ ಇವೆಲ್ಲ ಹಿರಿಯರ ನೆನಪಿನಲ್ಲಿ ಒಂದರೊಳಗೊಂದು ಬೆರೆತಿರುತ್ತವೆ. ಇಸವಿ ಕೇಳಬೇಡಿರಿ, "ರಜಾಕಾರರ ಗದ್ದಲಕ್ಕಿಂತ ಮೊದಲೋ ಆಮೇಲೋ" ಎಂದು ಕೇಳಿರಿ. ಸಾಹುಕಾರರ ವಿಷಯವನ್ನು ಇನ್ನೂ ಇಬ್ಬರ ಬಾಯಿಂದ, ಬೇರೆ ಬೇರೆಯಾಗಿ ಕೇಳಿಸಿಕೊಳ್ಳದೆ ರಂಗಕ್ಕೆ ತರಬಾರದು.

ಉತ್ತರ 3 (ಬಳ್ಳಾರಿ)

ಹೆಸರು ಬಿಟ್ಟುಬಿಡಿ ಎನ್ನುವ ಸಲಹೆ ಯಾರನ್ನು ಕಾಯುತ್ತದೆ ಎಂಬುದನ್ನೂ ನೋಡಬೇಕು. ಕೇರಿಯವರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಯಿತು, ಈಗ ಬಿಡಿಸಿದವರ ಹೆಸರು ನಾಟಕದಲ್ಲಿಯೂ ಬಿಟ್ಟುಹೋದರೆ ಉಳಿಯುವುದು ಅಣೆಕಟ್ಟೆಯೊಂದೇ. ಆದರೂ ಹೆಸರಿಗಿಂತ ಆ ಕೆಲಸ ಹೇಗೆ ನಡೆಯಿತೆಂಬುದನ್ನು ತೋರಿಸುವುದೇ ಹೆಚ್ಚು ಎಂದು ನನ್ನ ಎಣಿಕೆ. ಬಯಲಾಟದಲ್ಲಿ ಎಂತಹ ರಾಜನೇ ಬರಲಿ, "ತಾವು ಯಾರು, ಬಂದ ಕಾರಣವೇನು" ಎಂದು ಸಾರಥಿ ಕೇಳಿಯೇ ಕೇಳುತ್ತಾನೆ. ಆ ಸಾರಥಿಯು ಪಟ್ಟಿ ಹಿಡಿದು ಬಂದವರನ್ನೂ ಕೇಳಲಿ. ಬ್ರೆಜಿಲ್‌ನ ಅಗಸ್ಟೋ ಬೋಲ್ ಪ್ರೇಕ್ಷಕರನ್ನೇ ಎಬ್ಬಿಸಿ ಆಟದೊಳಗೆ ಕರೆತರುವ ರಂಗಪದ್ಧತಿಯನ್ನು ಬೆಳೆಸಿದರು. ನಮ್ಮಲ್ಲಿ ಕೇಳುವ ಪಾತ್ರ ಮೊದಲೇ ಸಿದ್ಧವಾಗಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಈ ಉತ್ತರಗಳನ್ನು ತಂಡದಲ್ಲಿ ಓದಿ ಹೇಳಿದೆ. ಸಾಹುಕಾರರ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದು, ಸಾರಥಿಯ ಪಾತ್ರವನ್ನು ತನಗೇ ಕೊಡಬೇಕೆಂದು ಕೇಳಿದ್ದಾನೆ. ಅದು ಸರಿಯೋ ಎಂಬುದರ ಮೇಲೆ ನಮ್ಮಲ್ಲಿ ಇನ್ನೂ ಜಗಳವಿದೆ. ಹುಣ್ಣಿಮೆಗೆ ಅಜ್ಜಿ ಹುಲಿಗೆಮ್ಮನ ಗುಡಿಗೆ ಹೋಗುತ್ತಾರಂತೆ. ಅದಕ್ಕೂ ಎರಡು ದಿನ ಮೊದಲು ಅವರ ಅಂಗಳದಲ್ಲಿ ಆಡಿ ತೋರಿಸುತ್ತೇವೆ. ನೆಲ ಸಾರಿಸುವ ದೃಶ್ಯವನ್ನು ನಮ್ಮ ಹುಡುಗಿ ಮಾಡುತ್ತಿರುವುದು ತಪ್ಪೆಂದೂ, ಸೆಗಣಿನೀರನ್ನು ಎಡದಿಂದ ಬಲಕ್ಕೆ ಎಳೆಯಬೇಕೆಂದೂ ಅವರು ಆಗಲೇ ಹೇಳಿ ಕಳುಹಿಸಿದ್ದಾರೆ.